ಗುಡುಗಿನ ಕೆಳಗೆ

ಗುಂಪಿನ ಕೂಗಿಗೆ ಆರು ಜನ ಸಾಕು.
ಬುಡಾಪೆಸ್ಟಿನ ಒಂದು ನೆಲಮಾಳಿಗೆಯಲ್ಲಿ
ಆರನ್ನು ಆರುನೂರು ಮಾಡುವುದೇ ನನ್ನ ಕಸುಬು:
ಒಮ್ಮೆ ಮೈಕಿನ ಹತ್ತಿರ, ಒಮ್ಮೆ ದೂರ,
ಒಮ್ಮೆ ಗೋಡೆಗೆ ಮುಖ ಮಾಡಿ,
ಒಮ್ಮೆ ಬಾಯಿಗೆ ಕರವಸ್ತ್ರ ಹಿಡಿದು.
ಪದರದ ಮೇಲೆ ಪದರ ಹಾಸಿದರೆ
ಜೆರುಸಲೇಮಿನ ಬೀದಿ ತುಂಬುತ್ತದೆ.

ಆ ದಿನ ಬಂದವರು:
ಚೂಯಿಂಗ್ ಗಮ್ ಉಗುಳಲು ಕಾಗದ ಹುಡುಕುತ್ತಿದ್ದ ಹುಡುಗಿ,
ನಾಟಕಶಾಲೆಯ ಮೂವರು,
ಬಾಡಿಗೆ ಬಾಕಿಯಿದ್ದ ಒಪೆರಾ ಗಾಯಕ,
ಮತ್ತೆ ಇಲ್ಕಾ ವಾದಾಸ್, ಎಪ್ಪತ್ತೊಂದು ವರ್ಷ.
ಪರದೇಶದ ರಾಣಿಯರಿಗೆಲ್ಲ
ಹಂಗೇರಿಯನ್ ಮಾತು ಕೊಟ್ಟ ಗಂಟಲು.

ಹಾಳೆಯಲ್ಲಿ ಆ ಸಾಲಿತ್ತು. ಸುವಾರ್ತೆಯದು.
ಜನಜಂಗುಳಿ ಒಕ್ಕೊರಲಿನಿಂದ ತನ್ನ ಮೇಲೆ,
ಇನ್ನೂ ಹುಟ್ಟದ ಮಕ್ಕಳ ಮೇಲೆ
ರಕ್ತದ ಸಾಲ ಬರೆದುಕೊಳ್ಳುವ ಸಾಲು.

"ಇನ್ನಷ್ಟು ದ್ವೇಷ ಬೇಕು," ಗಾಜಿನಾಚೆಯಿಂದ ನಿರ್ದೇಶಕ,
"ಹಿಂದಿರುವ ಅಜ್ಜಿ ಯಾಕೋ ಮೆತ್ತಗಿದ್ದಾರೆ."
ಇಲ್ಕಾ ಕನ್ನಡಕ ಒರೆಸಿಕೊಂಡಳು.
ಆಮೇಲೆ ಕೂಗಿದಳು ನೋಡಿ,
ಯಂತ್ರದ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ನಿಂತಿತು.

ಸಿಗರೇಟಿನ ಬಿಡುವಿನಲ್ಲಿ ಕೇಳಿದೆ: ಎಲ್ಲಿ ಕಲಿತೆ ಇದನ್ನು?
"ಮಾಕೋದಲ್ಲಿ. ಈರುಳ್ಳಿ ಜಡೆ ತೂಗುಬಿಟ್ಟ ಅಟ್ಟದಲ್ಲಿ.
ನಿಮ್ಮ ಯೇಸುವನ್ನು ಶಿಲುಬೆಗೇರಿಸಿದ ದೊಡ್ಡ ಶುಕ್ರವಾರ
ನಾವು ಚಿಕ್ಕದಾಗಿ ಕೂರಬೇಕಿತ್ತು.
ಅಜ್ಜಿ ಕಿಟಕಿ ಮುಚ್ಚುತ್ತಿದ್ದಳು.
ಕೆಳಗೆ ಮೆರವಣಿಗೆ. ಕೇಳಿ ಕೇಳಿಯೇ ಕಲಿತದ್ದು.
ಕಣ್ಣೀರು ಬಂದರೆ ಅಜ್ಜಿ
ಈರುಳ್ಳಿ ಕಣೇ, ಅನ್ನುತ್ತಿದ್ದಳು."

ಪತ್ರಗಳು ಬಂದವು.
ಪಾದ್ರಿಗಳ ಸಂಘದ್ದು: ಒಂದಕ್ಷರ ತೆಗೆದರೂ ದೈವನಿಂದೆ.
ಯೆಹೂದಿ ಸಭೆಯದು: ಆ ಸಾಲಿನ ಹಿಂದೆ ಸುಟ್ಟ ಬೀದಿಗಳ
ಪಟ್ಟಿ ಲಗತ್ತಿಸಿದೆ, ದಯವಿಟ್ಟು ಓದಿ.
ಟೀವಿಯಲ್ಲಿ ಇಬ್ಬರು ಪಂಡಿತರು
ಒಂದೇ ಗ್ರೀಕ್ ಕ್ರಿಯಾಪದವನ್ನು ಎರಡು ಕಡೆ ಎಳೆದರು.
ನಿರ್ಮಾಪಕ ಯಾವುದನ್ನೂ ಪೂರ್ತಿ ಓದದೆ ಫೋನ್ ಮಾಡಿದ:
"ಸಾಲು ಇರಲಿ. ಗುಡುಗು ಜೋರು ಮಾಡು."

ಹಾವೂ ಸಾಯದು, ಕೋಲೂ ಮುರಿಯದು.
ತಗಡು ಅಲುಗಿಸಿ ಗುಡುಗು ಮಾಡಿದೆ. ಏಳು ಸೆಕೆಂಡು.
ಅದಕ್ಕೆ ಬೇರೆ ದುಡ್ಡು ಕೊಟ್ಟರು.

ಬಿಡುಗಡೆಯ ದಿನ ಇಲ್ಕಾ ಕರೆದಳು, ಹೋದೆ.
ಬಾಗಿಲಲ್ಲಿ ಈಚೆ ಜಪಮಾಲೆ, ಆಚೆ ಫಲಕ;
ಗಸಗಸೆ ಬನ್ನಿನವನು ಎರಡೂ ಕಡೆ ಮಾರುತ್ತಿದ್ದ.

ಆ ದೃಶ್ಯ ಬಂತು. ಗುಂಪು ಬಾಯಿ ತೆರೆಯಿತು.
ನನ್ನ ಗುಡುಗು ಕುರ್ಚಿಗಳನ್ನು ನಡುಗಿಸಿತು.
ಒಂದಕ್ಷರ ಕೇಳಿಸಲಿಲ್ಲ.
ಒಳ್ಳೆಯ ಕೆಲಸ, ಅಂದುಕೊಂಡೆ.

ಗುಡುಗು ಇಳಿಯುವಾಗ, ಇಲ್ಕಾಳ ಆಚೆಗಿದ್ದ ಹೆಂಗಸು,
ಬೂದು ಸ್ವೆಟರು, ಮಡಿಲಲ್ಲಿ ಕೈಚೀಲ,
ಆ ಸಾಲನ್ನು ಪೂರ್ತಿ, ಬಾಯಿಪಾಠ,
ಮೆಲ್ಲಗೆ ಹೇಳಿ ಮುಗಿಸಿದಳು.
ದ್ವೇಷವೇನಿರಲಿಲ್ಲ. ಮಗ್ಗಿ ಹೇಳಿದ ಹಾಗೆ.

ಪಕ್ಕದವಳು ಅಳುತ್ತಿರುವುದು ಕಂಡು
ಚೀಲ ತಡಕಿ ಪೆಪ್ಪರ್‌ಮಿಂಟ್ ಒಂದನ್ನು
ಅಂಗೈಯಲ್ಲಿಟ್ಟು, ಬೆರಳು ಮಡಚಿದಳು.

ಇಲ್ಕಾ ಅದನ್ನು ಬಿಚ್ಚಿದ್ದು ಟ್ರಾಮಿನಲ್ಲಿ,
ಮೂರು ನಿಲ್ದಾಣ ದಾಟಿದ ಮೇಲೆ.
"ಈ ಸಲ ಈರುಳ್ಳಿ ಎಲ್ಲಿತ್ತು?" ಅಂದಳು.
ಕಾಗದವನ್ನು ಮಡಚುತ್ತಲೇ ಇದ್ದಳು,
ಇನ್ನು ಮಡಚಲಾಗದಷ್ಟು ಚಿಕ್ಕದಾಗುವ ತನಕ.