ರುಚಿ ಬಿಟ್ಟರೆ

ಐದು ಕಂಬದ ಮನೆಯ ನೆತ್ತಿಗಿಂಡಿಯಿಂದ
ಜುಲೈ ಬಿಸಿಲು ಧುಮುಕುವಾಗಲೂ ನನಗೆ ಚಳಿ.
ಎರಡು ಶಾಲು, ಅತ್ತೆಯ ಉಣ್ಣೆ ಕಾಲುಚೀಲ,
ಬಾಚಣಿಗೆ ತುಂಬ ಕೂದಲು.
‘ಬಸುರಿಯಲ್ಲವೇ, ಹಾಗೇ’ ಅಂದರು.
ಹೋದ ಚಳಿಗಾಲ ಮೂರೇ ತಿಂಗಳಿಗೆ ಜಾರಿಹೋದದ್ದಕ್ಕೂ
ಅಂದದ್ದು ಇಷ್ಟೇ: ಹಾಗೇ.

ಅತ್ತೆಯ ಕೊರಳಲ್ಲಿ ಸೇಬಿನ ಗಾತ್ರದ ಗಡ್ಡೆ,
ಅದರ ಮೇಲೆ ಹವಳದ ಸರ.
ಅವಳಮ್ಮನಿಗೂ ಇತ್ತಂತೆ. ಇಲ್ಲದವಳನ್ನು
ಕೊಕ್ಕರೆ ಕೊರಳಿನವಳೆಂದು ನಗುತ್ತಿದ್ದರಂತೆ.

ಒಲೆಯ ಬಳಿ ನಜರ್‌ಶೋ, ನನ್ನ ಗಂಡನ ಅಣ್ಣ,
ಜರ್ದಾಳು ಬೀಜ ಒಡೆಯುತ್ತಾನೆ.
ಮೂವತ್ತು ವರ್ಷ; ಎತ್ತರ ಹನ್ನೆರಡರ ಹುಡುಗನದು.
ಕಿವಿ ಕೇಳದು, ಮಾತು ಬಾರದು.
ಒಡೆದದ್ದರಲ್ಲಿ ಅರ್ಧ ನನ್ನ ಪಾಲಿಗೆ ಇಡುವುದು ಮಾತ್ರ
ಒಂದು ದಿನವೂ ತಪ್ಪಿಲ್ಲ.
ದೇವರ ಕೂಸು, ಅನ್ನುತ್ತಾರೆ.

ನರ್ಸ್ ಸವ್ಸನ್ ನನ್ನ ಕೊರಳ ಮೇಲೆ ಬೆರಳಿಟ್ಟು
‘ಉಗುಳು ನುಂಗು’ ಅಂದಳು. ನುಂಗಿದೆ.
ರಕ್ತದ ಸೀಸೆ ಖೊರೋಗಿಗೆ ಹೋಗಿ ಅಂಕಿಯಾಗಿ ಬಂತು:
ನಾಲ್ಕು ದಾಟಬಾರದ್ದು ಮೂವತ್ತೊಂದು.
‘ಈ ತಿಂಗಳುಗಳಲ್ಲಿ ಅದಕ್ಕೆ ಸ್ವಂತ ದುಡಿಮೆಯಿಲ್ಲ ಕಣೇ,
ನಿನ್ನ ಕೊರಳಿಂದಲೇ ಕಡ ತಂದು
ಮಿದುಳು ಕಟ್ಟಿಕೊಳ್ಳಬೇಕು.
ನೀನೇ ಬರಿಗೈ.’
ಆಮೇಲೆ ನಮ್ಮ ಉಪ್ಪಿನ ಮೇಲೊಂದು ಹನಿ ಬಿಟ್ಟಳು.
ನೀಲಿಯಾಗಬೇಕಿತ್ತು.
ಕಾದೆವು.

ಉಪ್ಪಿಗಿಂತ ರುಚಿಯಿಲ್ಲ, ನಿಜ.
ಬೆಟ್ಟದಿಂದ ಒಡೆದು ತಂದ ಈ ಉಪ್ಪಿನಲ್ಲಿ
ರುಚಿ ಬಿಟ್ಟರೆ ಬೇರೇನೂ ಇರಲಿಲ್ಲ.
ಹಿಮ ಕರಗಿ ಕರಗಿ ನಮ್ಮ ಮಣ್ಣಿನದೆಲ್ಲ
ಯಾವಾಗಲೋ ಪಂಜ್ ನದಿಯ ಪಾಲಾಗಿತ್ತು.

ಈಗ ಬೆಳಗೆದ್ದರೆ ಗುಳಿಗೆ, ಬರಿಹೊಟ್ಟೆಗೆ.
ಹಾಲು, ಬೆಣ್ಣೆ, ಉಪ್ಪಿನ ಚಹಾ ಒಂದು ಗಂಟೆ ಕಾಯಬೇಕು.
‘ಬಸಿರಿಗೆ ವಿಷ’ ಎಂದು ಅತ್ತೆ ಮುಖ ತಿರುಗಿಸಿದಳು.
ಹದಿನೈದು ದಿನ ಮಾತಿಲ್ಲ.
ಆಮೇಲೊಂದು ಬೆಳಗ್ಗೆ
ಗುಳಿಗೆಯ ಪಕ್ಕ ನೀರಿನ ಬಟ್ಟಲಿತ್ತು.
ಪೊಟ್ಟಣದ ಹೊಸ ಉಪ್ಪನ್ನು
ಪಾತ್ರೆ ಇಳಿಸಿದ ಮೇಲೆಯೇ ಹಾಕತೊಡಗಿದಳು, ಸವ್ಸನ್ ಹೇಳಿದಂತೆ.
ಅವಳನ್ನು ಕೇಳಿದ್ದು ಒಂದೇ ಸಲ:
‘ಇವನು ಹೊಟ್ಟೆಯಲ್ಲಿದ್ದಾಗ ಈ ಗುಳಿಗೆ ಇತ್ತಾ?’
ಸವ್ಸನ್ ಚೀಲದ ದಾರ ಬಿಗಿದಳು.
‘ಯುದ್ಧದ ವರ್ಷ ಅದು, ಚಾಚಿ. ದಾರಿ ಮುಚ್ಚಿತ್ತು.
ಹಿಟ್ಟೇ ಬರಲಿಲ್ಲ.’

ಫೆಬ್ರವರಿಯಲ್ಲಿ ಮಗಳು.
ಹಿಮ್ಮಡಿಗೆ ಸೂಜಿ ಚುಚ್ಚಿ, ಕಾಗದದ ಮೇಲೆ
ಕೆಂಪು ಬೊಟ್ಟುಗಳನ್ನು ಒಣಗಿಸಿ ಕೊಂಡೊಯ್ದರು.
ಉತ್ತರ ಬರಲು ಹಿಮ ಸರಿಯಬೇಕು.

ಅತ್ತೆ ಕಾಯಲಿಲ್ಲ.
ತೊಟ್ಟಿಲ ಹಿಂದೆ ನಿಂತು
ತಾಮ್ರದ ತಟ್ಟೆ ಕೈಬಿಟ್ಟಳು. ಮಗು ಬೆಚ್ಚಿತು.
ಎತ್ತಿಕೊಂಡಳು, ಮತ್ತೆ ಬಿಟ್ಟಳು. ಬೆಚ್ಚಿ ಅತ್ತಿತು.
‘ಸಾಕಮ್ಮಾ’ ಅಂದೆ.
ಮತ್ತೆ ಬಿಟ್ಟಳು.

ಒಲೆಯ ಬಳಿ ಬೀಜ ಒಡೆಯುತ್ತಿದ್ದವನು
ತಲೆಯೆತ್ತಲಿಲ್ಲ.