ಕೈಯ ಭಾರ

ಎಂಟು ತಿಂಗಳಿಂದ ನನ್ನ ಬಲಗೈಗೆ
ಎಡಗೈಯೇ ಅಂಗಿ ತೊಡಿಸುತ್ತಿತ್ತು,
ನಿದ್ದೆಗಣ್ಣಿನ ಕೂಸಿಗೆ ತೊಡಿಸಿದ ಹಾಗೆ.
ನಮಾಜಿಗೆ ನಿಂತರೆ ಒಂದು ಕೈ ಕಿವಿಯವರೆಗೆ ಹೋಗುತ್ತಿತ್ತು,
ಇನ್ನೊಂದು ಎದೆಯ ಹತ್ತಿರವೇ ತಡೆದು
ಕ್ಷಮೆ ಕೇಳುತ್ತಿತ್ತು.

ಇಪ್ಪತ್ತಾರು ವರ್ಷ ದಾವಣಗೆರೆಯ ಮಂಡಕ್ಕಿ ಭಟ್ಟಿ.
ಕಾದ ಉಸುಕಿಗೆ ಅಕ್ಕಿ ಸುರಿ, ತಿರುವು,
ಜರಡಿಗೆ ಎತ್ತು, ಜಾಡಿಸು, ಮತ್ತೆ ಸುರಿ.
ಅಕ್ಕಿ ಅರಳೋದಕ್ಕೆ ಎರಡು ಉಸಿರು ಸಾಕು.
ಅದನ್ನು ಅರಳಿಸಿದ ಭುಜ
ಒಂದು ಚಳಿಯ ಬೆಳಿಗ್ಗೆ
ಸುಮ್ಮನೆ ಮುಚ್ಚಿಕೊಂಡಿತು.

ಇಂಜೆಕ್ಷನ್ ಆಯಿತು, ಮೂಗು ಉರಿಯುವ ಮುಲಾಮು ಆಯಿತು.
ಬಾಡಾ ಕ್ರಾಸಿನವನೊಬ್ಬ ಹಿಡಿದು ಹಿಂದಕ್ಕೆ ಎಳೆದಾಗ
ಕಣ್ಣಲ್ಲಿ ಭಟ್ಟಿಯ ಕಿಡಿ ಹಾರಿದವು.
ಮಾಲೀಕರು ಎಡಗೈಯಲ್ಲಿ ಕಲಿ ಅಂದರು.
ಎಡಗೈಗೂ ನನ್ನಷ್ಟೇ ವಯಸ್ಸು.

ಗರಡಿಗೆ ಹೋಗಿ ಅಂದಳು ಶಮೀಮ್.
ಕುಸ್ತಿ ಆಡೋ ವಯಸ್ಸೇನೇ ನಂದು, ನಕ್ಕೆ.

ಉಸ್ತಾದ್ ಹಾಲೇಶಪ್ಪನಿಗೆ ಎಪ್ಪತ್ತಮೂರು.
ಕಿವಿ ಒಣಗಿದ ಅಂಜೂರದ ಹಾಗೆ ಮುದುಡಿವೆ.
ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ ಬೆರೆತ ವಾಸನೆ.
ನನ್ನ ಅಂಗಿ ತಾನೇ ಬಿಚ್ಚಿ,
ನನ್ನ ಎದೆಗಿಂತ ಒಂದು ಗೇಣು ಮೇಲಿನ ಗೂಟಕ್ಕೆ ಸಿಕ್ಕಿಸಿದ.
ಇನ್ನು ತಿರುಚುತ್ತಾನೆ ಅಂತ ಹಲ್ಲು ಕಚ್ಚಿ ಮಲಗಿದೆ.

ತಿರುಚಲಿಲ್ಲ.
ಮಣಿಕಟ್ಟಿನ ಕೆಳಗೊಂದು ಅಂಗೈ, ಮೊಣಕೈ ಕೆಳಗೊಂದು,
ತುಂಬಿದ ಮೊಸರಿನ ಗಡಿಗೆ ಹಿಡಿದ ಹಾಗೆ.
ಕೈ ಬಿಡು, ಅಂದ.
ಬಿಟ್ಟೀನಿ ಉಸ್ತಾದ್.
ಎಲ್ಲಿ ಬಿಟ್ಟೀಯ? ನೀನೇ ಹೊತ್ಕಂಡೀಯ, ಇಲ್ನೋಡು,
ಅಂತ ತನ್ನೆರಡೂ ಕೈ ತೆಗೆದ.
ನನ್ನ ಕೈ ಗಾಳಿಯಲ್ಲೇ ನಿಂತಿತ್ತು,
ಯಾರೂ ಹಿಡಿಯದೆ, ಮರದ ಕೊರಡು.

ಬಿಡೋದು ನನಗೆ ಗೊತ್ತಿರಲಿಲ್ಲ.
ಕೈ ಬಿಟ್ಟವನು ಅಂದರೆ ನಮ್ಮಲ್ಲಿ ಬೈಗುಳ,
ಕೈ ಕೊಟ್ಟವನು ಅಂದರೆ ಅದಕ್ಕಿಂತ ದೊಡ್ಡ ಬೈಗುಳ.
ಮುದುಕ ಎರಡನ್ನೂ ಕೇಳುತ್ತಿದ್ದ:
ಕೊಡು. ಬಿಡು.

ಹತ್ತು ದಿನ ಬರೀ ಭಾರ ಕೊಡುವ ಪಾಠ.
ಉಸಿರು ಹೊರಗೆ ಹೋಗುವಾಗ ಒಂದು ಬೆರಳಿನಷ್ಟು ಮೇಲಕ್ಕೆ,
ಅಷ್ಟೇ, ವಾಪಸ್ಸು.
ನೋವು ತಲೆ ಎತ್ತುವ ಮೊದಲೇ ಅವನ ಕೈ ನಿಲ್ಲುತ್ತಿತ್ತು,
ನನಗಿಂತ ಮುಂಚೆ ಅವನಿಗೆ ಹೇಗೆ ತಿಳಿಯುತ್ತಿತ್ತೋ.
ಬೆನ್ನಿನ ಹಲಗೆಯ ಅಂಚಿಗೆ ಹೆಬ್ಬೆರಳು ಇಟ್ಟು
ಸುಮ್ಮನೆ ಕೂತಿರುತ್ತಿದ್ದ,
ಹೆಪ್ಪಾದ ತುಪ್ಪದ ಬಟ್ಟಲನ್ನು ಬಿಸಿಲಿಗಿಟ್ಟವನಂತೆ.
ಹೊರಗೆ ಹುಡುಗರು ಬಸ್ಕಿ ಎಣಿಸುತ್ತಿದ್ದರು,
ನಡುವೆ ಲೆಕ್ಕ ಹಾರಿಸುತ್ತಿದ್ದರು,
ಉಸ್ತಾದ್ ಇಲ್ಲಿಂದಲೇ ಗದರುತ್ತಿದ್ದ,
ಹೆಬ್ಬೆರಳು ಮಾತ್ರ ಕದಲುತ್ತಿರಲಿಲ್ಲ.

ಇಷ್ಟು ಮೆತ್ತಗೆ ಎಲ್ಲಿ ಕಲಿತಿರಿ?
ತುಂಬ ಹೊತ್ತು ಮಾತಿಲ್ಲ. ಆಮೇಲೆ,
ಇಪ್ಪತ್ತೆರಡರಾಗೆ ಹರಿಹರದವನೊಬ್ಬನ ಭುಜ ಕಿತ್ತೆ, ಪಟ್ಟು ಹಾಕಿ.
ಜನ ಪೇಟ ಸುತ್ತಿದ್ರು, ಬೆಳ್ಳಿ ಕಡಗ ತೊಡ್ಸಿದ್ರು.
ಕೀಲು ಬಿಟ್ಟ ಸದ್ದು ಕಿವಿಗೆ ಕೇಳಿಸ್ಲಿಲ್ಲ ಫಕ್ರು,
ಅಂಗೈಗೆ ಕೇಳಿಸ್ತು.
ಎಂಟು ದಿನ ಬಿಟ್ಟು ಅವನ ಮನೆ ಹುಡುಕ್ಕಂಡು ಹೋದೆ.
ಒಂದು ವರ್ಷ ಹೋದೆ. ಹಿಡಿದೆ, ತಿಕ್ಕಿದೆ, ಬೈಸ್ಕಂಡೆ.
ಎಲ್ಲಿ ನಿಲ್ಲಿಸ್ಬೇಕು ಅಂತ ಅವನೇ ಕಲ್ಸಿದ್ದು.

ಪೂರ್ತಿ ವಾಸಿ ಆಯ್ತಾ?
ಬೀಡಿ ಹಚ್ಚೋವಷ್ಟು, ಅಂದ.

ಕಿವಿ ಇನ್ನೂ ನಾಲ್ಕು ಬೆರಳು ದೂರ ಇದೆ ನನಗೆ.
ಆದರೆ ಮೊನ್ನೆ ಎದ್ದು,
ಅಕ್ಕಿ ರೇಟು ಏರಿದ್ದು ಹೇಳುತ್ತಾ ಹೇಳುತ್ತಾ
ಗೂಟದ ಅಂಗಿ ತೆಗೆದುಕೊಂಡೆ,
ಎರಡು ಗುಂಡಿ ಹಾಕಿದ ಮೇಲೆ ಹೊಳೆಯಿತು
ಯಾವ ಕೈಯಲ್ಲಿ ಅಂತ.

ಉಸ್ತಾದ್ ಗೋಡೆಯ ಕಡೆ ತಿರುಗಿ
ಎಣ್ಣೆ ಬಟ್ಟಲು ಒರೆಸುತ್ತಿದ್ದ.
ಇನ್ನೊಂದು ತಿಂಗಳು ಜರಡಿ ಮುಟ್ಟಬ್ಯಾಡ, ಅಂದ,
ತಿರುಗದೆ.