ಅರ್ಧ ಇಂಚಿನ ವಾಷರ್

ಮತ್ತಿಕೆರೆಯ ಈ ಎರಡನೇ ಮಹಡಿಗೆ ಬಂದ ಮೊದಲ ವಾರ
ರಾತ್ರಿಯೆಲ್ಲ ನಲ್ಲಿಯದೊಂದೇ ಮಾತು:
ತೊಟ್. ತೊಟ್.
ಕೆಳಗೊಂದು ಬಕೆಟ್ ಇಟ್ಟೆ. ಸದ್ದು ಜೋರಾಯಿತು.
ಬಕೆಟ್ಟಿನೊಳಗೆ ಟವೆಲು ಹಾಸಿದೆ.
ಹದಿನೇಳು ವರ್ಷ ಮಾಡಿದ್ದೂ ಇದನ್ನೇ,
ಸದ್ದಿಗೆ ಬಟ್ಟೆ ಹಾಸುವುದು.

"ನಿನಗದೆಲ್ಲ ಗೊತ್ತಾಗಲ್ಲ, ಬಿಡು" ಅನ್ನುತ್ತಿದ್ದ ಸುದರ್ಶನ.
ಸಿಟ್ಟಿನಿಂದಲ್ಲ, ಅಕ್ಕರೆಯಿಂದಲೇ.
ಫ್ಯೂಸು ಹೋದಾಗ, ಬ್ಯಾಂಕಿನ ಕಾಗದ ಬಂದಾಗ.
ಬಿಟ್ಟೆ. ಒಂದೊಂದೇ ಬಿಟ್ಟೆ.
ಕೊನೆಗೆ ಫ್ಯಾಮಿಲಿ ಕೋರ್ಟಿನ ಗುಮಾಸ್ತರು
ಸಹಿಯ ಜಾಗಕ್ಕೆ ಪೆನ್ಸಿಲ್ಲಿನ ಗುರುತು ಹಾಕಿಕೊಟ್ಟಾಗಲೂ
ಕತ್ತು ಅವನ ಕಡೆಗೇ ತಿರುಗಿತ್ತು:
ಇಲ್ಲೇನಾ?

ಹಾರ್ಡ್‌ವೇರ್ ಅಂಗಡಿಯ ಖಲಂದರ್ ಸಾಬರು ಕೇಳಿದರು,
"ಸೈಜ್ ಎಷ್ಟು ಮೇಡಂ? ಮನೇಲಿ ಯಾರಾದ್ರೂ ಇದ್ರೆ ಫೋನ್ ಹಚ್ಚಿಕೊಡಿ."
ಯಾರೂ ಇಲ್ಲ, ಅಂದೆ.
ಆ ಮಾತನ್ನು ಬೀದಿಯಲ್ಲಿ ನಿಂತು
ಬಿಎಂಟಿಸಿ ಬಸ್ಸಿನ ಸದ್ದಿಗಿಂತ ಜೋರಾಗಿ
ಹೇಳಿದ್ದು ಅದೇ ಮೊದಲು.
"ಹಾಗಾದ್ರೆ ಹಳೇದನ್ನ ಬಿಚ್ಚಿ ತನ್ನಿ."
ಬಿಚ್ಚುವ ಮೊದಲು ವಾಲ್ವು ಮುಚ್ಚಬೇಕೆಂದು ಹೇಳಲಿಲ್ಲ.

ಅದನ್ನು ನೀರೇ ಹೇಳಿತು,
ಸೂರಿಗೆ, ಕನ್ನಡಿಗೆ, ನನ್ನ ಬಾಯಿಗೆ.
ಕೆಳಗಿನ ಮನೆಯ ಮುನಿಯಲ್ಲಮ್ಮ ಓಡಿಬಂದು
ಸೆರಗು ಸಿಕ್ಕಿಸಿ, ವಾಲ್ವು ತಿರುಗಿಸಿ
ನಿಂತಲ್ಲೇ ನಗತೊಡಗಿದರು.
ಕೋರ್ಟಿನ ದಿನವೂ ನೆನೆಯದ ಕೆನ್ನೆ
ಅವತ್ತು ನೆನೆದಿತ್ತು.

ಮಾರನೇ ದಿನ ಅಂಗೈಯಲ್ಲಿ ಒಯ್ದೆ,
ಗೊಂಬೆಯ ಬಳೆಯಂಥ ಕಪ್ಪು ರಬ್ಬರು,
ಒಂದು ಕಡೆ ಸೀಳಿದ್ದು.
"ಅರ್ಧ ಇಂಚು. ಎರಡು ರೂಪಾಯಿ."
ಎರಡು ರೂಪಾಯಿ!
ಎಂಟು ರಾತ್ರಿಯ ನಿದ್ದೆ.

ಆಮೇಲೆ ಡ್ರಿಲ್ಲು. ಅದರದೊಂದು ದೊಡ್ಡ ಕತೆ.
ಶೆಲ್ಫು ಒಂದು ಬೆರಳು ಎಡಕ್ಕೆ ವಾಲಿದೆ,
ನಿಂಬೆಹಣ್ಣು ಇಟ್ಟರೆ ಉರುಳುತ್ತದೆ.
ತಂಗಿ ತಲೆ ಓರೆಮಾಡಿ ನೋಡಿದಳು, ಏನೂ ಅನ್ನಲಿಲ್ಲ.
ಎಡತುದಿಗೆ ಉಪ್ಪಿನಕಾಯಿ ಭರಣಿ ಇಟ್ಟಿದ್ದೇನೆ,
ಪುಸ್ತಕಗಳು ಅದಕ್ಕೆ ಒರಗಿ ನಿಂತಿವೆ.
ಬಿಚ್ಚಿ ಸರಿಮಾಡಬಹುದು.
ಮಾಡುವುದಿಲ್ಲ.

ತಾರಸಿಯಲ್ಲಿ ಪೇಂಟಿನ ಖಾಲಿ ಡಬ್ಬ ಹನ್ನೊಂದು.
ಕೆಮ್ಮಣ್ಣಿನ ಮೂಟೆ ಹೊತ್ತದ್ದು ನಾನೇ,
ಮೆಟ್ಟಿಲಲ್ಲಿ ಏಳು ಕಡೆ ಕೂತು.
ಟೊಮ್ಯಾಟೊ ಸಸಿಗಳೆಲ್ಲ ಸತ್ತವು. ದಿನಕ್ಕೆ ಮೂರು ಸಲ ನೀರು;
ಅಕ್ಕರೆ ಹೆಚ್ಚಾದರೂ ಬೇರು ಕೊಳೆಯುತ್ತದಂತೆ.
(ಇದನ್ನು ಯಾರಿಗೆ ಹೇಳಬೇಕೋ ಅವರಿಗೆ ಹೇಳಲಿಲ್ಲ.)
ಮೆಂತ್ಯ ಬಂತು. ಕೋತಿಗಳೂ ಬಂದವು.
ಮತ್ತೆ ಬಿತ್ತಿದೆ.

ಕುಂಬಳದ ಬಳ್ಳಿ ಮಾತ್ರ ಹೂ ಬಿಟ್ಟೂ ಬಿಟ್ಟೂ
ಒಂದು ಪಿಂದೆ ನಿಲ್ಲಿಸಲಿಲ್ಲ.
"ಇಷ್ಟೆತ್ತರಕ್ಕೆ ಜೇನು ಬರಾಕಿಲ್ಲ ಕಣವ್ವ,
ಕೈಯಾರೆ ಮಾಡ್ಬೇಕು," ಅಂದರು ಮುನಿಯಲ್ಲಮ್ಮ.
ಬೆಳಗಿನ ಆರಕ್ಕೆ, ನೈಟಿಯಲ್ಲಿ,
ನಲವತ್ತಾರರ ನಾನು
ಗಂಡು ಹೂವಿನ ಎಸಳು ಸುಲಿದು
ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರಿ
ನಾಲ್ಕು ಮದುವೆ ಮಾಡಿಸಿದೆ.
ಎದುರು ಮನೆಯ ಹುಡುಗ ಬಾಯಲ್ಲಿ ಬ್ರಷ್ಷಿಟ್ಟುಕೊಂಡು
ಉಜ್ಜುವುದನ್ನೇ ಮರೆತಿದ್ದ.

ನಾಲ್ಕರಲ್ಲಿ ಒಂದು ನಿಂತಿದೆ.
ಗೋಲಿಯಷ್ಟಿತ್ತು, ಈಗ ಎರಡು ಕೈಗೆ ಸಿಗುವಷ್ಟು.
ಬಳ್ಳಿ ಜಗ್ಗದಿರಲೆಂದು
ಹಳೆಯ ರೇಷ್ಮೆ ಸೀರೆಯ ಅಂಚು ಹರಿದು
ಗ್ರಿಲ್ಲಿಗೆ ತೊಟ್ಟಿಲು ಕಟ್ಟಿದ್ದೇನೆ.
ಯಾವ ಸೀರೆ ಅಂತ ತಂಗಿ ಕೇಳಿದಳು.
ಗಟ್ಟಿ ಇರೋದು, ಅಂದೆ.

ಇವತ್ತು ಶನಿವಾರ. ಸೊಳ್ಳೆಪರದೆ ಬಾಗಿಲಿನ ಕೀಲು ಸಡಿಲ.
ಖಲಂದರ್ ಸಾಬರು ನನ್ನ ಕಂಡೊಡನೆ ಡಬ್ಬ ಎಳೆಯುತ್ತಾರೆ.
"ಅಳತೆ ಮೇಡಂ?"
ಮುಕ್ಕಾಲು ಇಂಚಿನ ಸ್ಕ್ರೂ. ಆರು ಬೇಕು.
ಏಳು ಕೊಡಿ,
ಒಂದು ಹೇಗೂ ಉರುಳಿಹೋಗುತ್ತೆ.